ಬಚ್ಚಲ ಗೋಡೆಯ ಜಾತಕ

ನಮ್ಮ ಬಚ್ಚಲಿಗೆ ಟೈಲ್ಸ್ ಆರಿಸಲು ಮೂರು ಭಾನುವಾರ ಹಿಡಿಯಿತು. ಮೊದಲ ಭಾನುವಾರ ನಾನು, ನನ್ನ ಹೆಂಡತಿ ಇಬ್ಬರೇ ಹೋದೆವು. ಎರಡನೆಯ ಭಾನುವಾರ ಮಗಳೂ ಸೇರಿಕೊಂಡಳು. ಮೂರನೆಯ ಭಾನುವಾರ ಮಂಡಿನೋವಿನ ಅಮ್ಮನೂ ಆಟೋ ಹತ್ತಿ ಬಂದು, ಅಂಗಡಿಯವರು ಕೊಟ್ಟ ಕಾಫಿ ಕುಡಿದು, "ಇದರ ಮೇಲೆ ಕೊಳೆ ಕಾಣುತ್ತೆ, ಅದರ ಮೇಲೆ ಕೊಳೆ ಕಾಣಲ್ಲ, ಆಮೇಲೆ ಯಾರೂ ತಿಕ್ಕಲ್ಲ" ಎಂದು ಹನ್ನೊಂದು ಡಿಸೈನುಗಳನ್ನು ತಳ್ಳಿಹಾಕಿದಳು. ಕೊನೆಗೆ ಕಣದಲ್ಲಿ ಉಳಿದದ್ದು ಎರಡು. ಒಂದು ಐವರಿಯಂತೆ, ಇನ್ನೊಂದು ಆಫ್ ವೈಟಂತೆ. ನನ್ನ ಕಣ್ಣಿಗೆ ಒಂದು ಮಜ್ಜಿಗೆ, ಇನ್ನೊಂದು ನೀರುಮಜ್ಜಿಗೆ. ಹಾಗಂತ ಬಾಯಿಬಿಟ್ಟು ಹೇಳಿದ್ದಕ್ಕೆ ಮನೆ ಬರುವ ತನಕ ಆಟೋದಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಐವರಿ ಗೆದ್ದಿತು ಎಂದು ರಾತ್ರಿ ಊಟದ ಹೊತ್ತಿಗೆ ಗೊತ್ತಾಯಿತು.

ಇಷ್ಟೆಲ್ಲ ನಡೆಯುವಾಗ ಗೋಡೆಯನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ. ಸೀರೆ ತೆಗೆದು, ಛತ್ರ ಗೊತ್ತು ಮಾಡಿ, ಲಗ್ನಪತ್ರಿಕೆ ಹಂಚಿ ಆದ ಮೇಲೆ, "ಅಂದಹಾಗೆ ಹುಡುಗ ಒಪ್ಪಿದ್ದಾನಾ?" ಎಂದು ನೆನಪಾದ ಹಾಗೆ.

ನೆನಪು ಮಾಡಿಸಿದವರು ಕೆಳಗಿನ ಮನೆಯ ಮೇಷ್ಟ್ರು. ಮೈಸೂರಿನ ಕುವೆಂಪುನಗರದ ಈ ಮನೆಯನ್ನು ನಮ್ಮಪ್ಪ 1994ರಲ್ಲಿ ಕಟ್ಟಿಸಿದ್ದು. ಮೇಲೆ ನಾವು, ಕೆಳಗೆ ಬಾಡಿಗೆಗೆ ಈ ನಿವೃತ್ತ ಗಣಿತದ ಮೇಷ್ಟ್ರು. ನಮ್ಮ ಬಚ್ಚಲು ಅವರ ದೇವರಮನೆಯ ನೆತ್ತಿಗೇ ಬರುತ್ತದೆ. ವಾಸ್ತು ಬಲ್ಲವರು ದಯವಿಟ್ಟು ಕಾಗದ ಬರೆಯಬೇಡಿ. ಅವರ ಸೂರಿನಲ್ಲಿ ಮೊದಲು ಇಡ್ಲಿಯಗಲದ ಒದ್ದೆ ಕಲೆ ಮೂಡಿತು. ಬೇರೆಯವರಾಗಿದ್ದರೆ ಜಗಳಕ್ಕೆ ಬರುತ್ತಿದ್ದರು. ಇವರು ಸ್ಟೂಲು ಹತ್ತಿ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದರು. ಹದಿನೈದು ದಿನಕ್ಕೆ ಅದು ಸೆಟ್ ದೋಸೆಯಾಯಿತು. ಇನ್ನೊಂದು ಗೆರೆ, ಇನ್ನೊಂದು ತಾರೀಖು. ಮಸಾಲೆದೋಸೆಯ ಅಗಲಕ್ಕೆ ಬಂದಾಗ ನನ್ನನ್ನು ಕರೆದು ತೋರಿಸಿದರು. ಏಳು ಗೆರೆಗಳು, ಏಳು ತಾರೀಖುಗಳು. "ಬೆಳವಣಿಗೆಯ ದರ ಏರ್ತಾ ಇದೆ, ನೋಡಿ" ಎಂದರು, ಸಂತೋಷವೋ ಸಂಕಟವೋ ತಿಳಿಯದ ದನಿಯಲ್ಲಿ.

ಹೀಗಾಗಿ ಮೇಸ್ತ್ರಿ ಬಂದರು. ಟೇಪು, ಕರಣೆ, ಪೆನ್ಸಿಲು ಏನನ್ನಾದರೂ ಹೊರತೆಗೆಯುತ್ತಾರೆಂದು ಕಾದೆ. ಅವರು ಜೇಬಿನಿಂದ ತೆಗೆದದ್ದು ಹತ್ತು ರೂಪಾಯಿ ನಾಣ್ಯ. ಅದರಲ್ಲಿ ಒಂದೊಂದೇ ಟೈಲ್ಸನ್ನು ತಟ್ಟುತ್ತ ಹೋದರು, ಘಟದ ವಿದ್ವಾಂಸರು ಕಛೇರಿಗೆ ಮುಂಚೆ ಶ್ರುತಿ ನೋಡುವ ಹಾಗೆ. ಟಣ್, ಟಣ್, ಟಪ್. ಟಣ್ ಅಂದರೆ ಹಿಂದೆ ಸಿಮೆಂಟು ಭರ್ತಿಯಾಗಿದೆ, ಗೋಡೆಯನ್ನು ಕಚ್ಚಿಕೊಂಡಿದೆ. ಟಪ್ ಅಂದರೆ ಟೊಳ್ಳು. ಟಪ್ ಎಂದದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ಗುಣಾಕಾರದ ಗುರುತು ಹಾಕಿದರು. ಹತ್ತು ನಿಮಿಷಕ್ಕೆ ನಮ್ಮ ಬಚ್ಚಲು ಫೇಲಾದವನ ಉತ್ತರಪತ್ರಿಕೆಯಂತೆ ಕಂಡಿತು.

"ಹಿಂದಿನವ್ರು ಟೈಲ್ಸ್ ಬೆನ್ನಿಗೆ ನಾಕ್ ಮೂಲೆಗ್ ನಾಕು, ನಡೂಕ್ ಒಂದು ಉಂಡೆ ಮೆತ್ತಿ ಒತ್ತವ್ರೆ ಸಾ. ಉಂಡೆ ಉಂಡೆ ನಡುವೆ ಗಾಳಿ. ಅಲ್ಲಿಗ್ ನೀರ್ ಒಂಟೋಯ್ತು ಅಂದ್ರೆ ಅದೇ ಅದರ ತೌರುಮನೆ."

ನನ್ನದೊಂದು ಚೌಕಾಸಿಯ ಬುದ್ಧಿಯಿದೆ. ಹಳೆಯ ಟೈಲ್ಸ್ ಒಡೆಯದೆ ಅದರ ಮೇಲೇ ಹೊಸದನ್ನು ಅಂಟಿಸಬಹುದೆಂದು ಎಲ್ಲೋ ಓದಿದ್ದೆ. ಅದೇನು ಸುಳ್ಳಲ್ಲ. ಅದಕ್ಕೇ ಆದ ಅಂಟಿನ ಪುಡಿ ಚೀಲದಲ್ಲಿ ಸಿಗುತ್ತದೆ. ಟೈಲ್ಸ್ ಅಂಟುಗಳಿಗೆ ಭಾರತೀಯ ಮಾನಕ 15477 ಎಂದು ಒಂದು ಸಂಖ್ಯೆಯೇ ಇದೆ, ಅದರಲ್ಲಿ 1ರಿಂದ 5ರ ತನಕ ಬಗೆಗಳಿವೆ. ಇಷ್ಟನ್ನೂ ಕಂಠಪಾಠ ಮಾಡಿಕೊಂಡು ಮೇಸ್ತ್ರಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ಎಲೆಅಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ವರ್ಗಾಯಿಸಿ ಹೇಳಿದರು: "ಅಳ್ಳಾಡೋ ಹಲ್ಲಿನ್ ಮ್ಯಾಲೆ ಚಿನ್ನದ್ ಟೋಪಿ ಆಕುಸ್ತೀರಾ ಸಾ?"

ಹೆಂಡತಿ ನನ್ನ ಕಡೆ ನೋಡಿ ನಕ್ಕಳು. ಅಷ್ಟಕ್ಕೇ ಬಿಡದೆ, "ನಾಲ್ಕು ಕಡೆಯೂ ಮುಕ್ಕಾಲಿಂಚು ಒಳಗೆ ಬಂದರೆ ನೀವು ಒಳಗೆ ಹಿಡಿಸ್ತೀರಾ ರೀ?" ಎಂದೂ ಕೇಳಿದಳು. ನನ್ನ ಸುತ್ತಳತೆ ವರ್ಷ ವರ್ಷ ಹಿಗ್ಗುತ್ತಿರುವಾಗ ಬಚ್ಚಲಿನ ಸುತ್ತಳತೆ ಕುಗ್ಗಿಸುವುದು ತರವಲ್ಲ ಎಂದು ತೀರ್ಮಾನವಾಯಿತು. ಒಡೆಯುವುದೇ ಸೈ.

ಒಡೆಯುವುದಕ್ಕೂ ಒಂದು ಪೂರ್ವಾಂಗವಿದೆ. ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಬೇಕು, ಗೀಸರಿನ ಫ್ಯೂಸು ಕಿತ್ತು ಅದನ್ನು ಕೆಳಗಿಳಿಸಬೇಕು, ನಲ್ಲಿಗಳನ್ನು ಬಿಚ್ಚಿ ಪೈಪಿನ ಬಾಯಿಗೆ ಡಮ್ಮಿ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ನೆಲದ ನಹಾನಿ ಟ್ರ್ಯಾಪಿಗೆ ಗೋಣಿತಾಟು ತುರುಕಿ ಭದ್ರ ಮಾಡಬೇಕು. ಇಲ್ಲದಿದ್ದರೆ ಟೈಲ್ಸ್ ಚೂರು, ಗಾರೆ ಪುಡಿಯೆಲ್ಲ ಅದರೊಳಗೆ ಇಳಿದು, ನೀರು ಸೇರಿ, ಅಲ್ಲೇ ಒಂದು ಹೊಸ ಕಟ್ಟಡ ಎದ್ದು ನಿಲ್ಲುತ್ತದೆ. ನಮ್ಮ ಮೇಸ್ತ್ರಿಯ ಆಳು ತುರುಕಲು ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಬಾಗಿಲ ಹಿಂದೆ ನೇತುಹಾಕಿದ್ದ ನನ್ನ ಹೊಸ ಟವೆಲು. ಆ ಟವೆಲು ಕರ್ತವ್ಯನಿರತವಾಗಿಯೇ ಕಣ್ಣುಮುಚ್ಚಿತು.

ಆಮೇಲೆ ಶುರುವಾಯಿತು ನೋಡಿ ಚಾಣ, ಸುತ್ತಿಗೆಯ ಜುಗಲ್‌ಬಂದಿ. ಚಾಣವನ್ನು ಗೋಡೆಗೆ ನೆಟ್ಟಗೆ ಹೊಡೆಯಬಾರದಂತೆ. ಹೊಡೆದರೆ ಇಟ್ಟಿಗೆಯೇ ಕಿತ್ತು ಬರುತ್ತದೆ. ಸಂದಿಗೆ ಓರೆಯಾಗಿ ಹಿಡಿದು, ಹಲಸಿನ ತೊಳೆ ಬಿಡಿಸುವ ಹಾಗೆ ಎಬ್ಬಿಸಬೇಕು. ಟಪ್ ಎಂದಿದ್ದವು ಸುತ್ತಿಗೆ ಕಂಡೊಡನೆಯೇ ಶರಣಾಗಿ, ಅಂಗೈಗೆ ಇಡಿ ಇಡಿಯಾಗಿ ಬಂದವು. ಟಣ್ ಎಂದಿದ್ದವು ಮಾತ್ರ ಸಾಯುವಾಗಲೂ ಅರ್ಧ ಗಿಲಾವನ್ನು ಜೊತೆಗೇ ಕರೆದುಕೊಂಡು ಹೋದವು. ಮನೆಯ ಒಳಗೆಲ್ಲ ವಿಭೂತಿ. ಬೀರುವಿನ ಬಾಗಿಲು ಹಾಕಿತ್ತು, ಬೀರು ಇದ್ದ ಕೋಣೆಯ ಬಾಗಿಲೂ ಹಾಕಿತ್ತು, ಆದರೂ ಮದುವೆಯ ರೇಷ್ಮೆ ಪಂಚೆಯ ಮಡಿಕೆಯಲ್ಲಿ ದೂಳು ಸಿಕ್ಕಿತು. ಎರಡನೆಯ ದಿನ ಕಾಫಿಯಲ್ಲೂ ಸಿಕ್ಕಿತು. ಮೂರನೆಯ ದಿನ ನಾವು ಹುಡುಕುವುದನ್ನು ಬಿಟ್ಟೆವು.

ಕಸ 43 ಚೀಲ ಆಯಿತು. ಒಂದು ಪುಟ್ಟ ಬಚ್ಚಲ ನಾಲ್ಕು ಗೋಡೆಯೊಳಗೆ ಇಷ್ಟು ಮಾಲು ಅಡಗಿರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. "ಕತ್ಲಾದ್ ಮ್ಯಾಕೆ ಆ ಖಾಲಿ ಸೈಟ್ಗೆ ಆಕ್‌ಬುಡವ ಸಾ" ಎಂದು ಆಳು ಪಿಸುಗುಟ್ಟಿದ. ಕಟ್ಟಡದ ಕಸ ಹಾಗೆಲ್ಲ ಎಸೆಯಬಾರದೆಂದು 2016ರಿಂದಲೇ ನಿಯಮವಿದೆ ಎನ್ನುವುದು ನನಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಖಾಲಿ ಸೈಟಿಗೆ ಎದುರಾಗಿ ಮೇಷ್ಟ್ರ ಕಿಟಕಿ ಇದೆ ಎನ್ನುವುದೂ ಗೊತ್ತಿತ್ತು. ಟ್ರ್ಯಾಕ್ಟರಿಗೆ ದುಡ್ಡು ಕೊಟ್ಟು ಸಾಗಿಸಿ ಪುಣ್ಯ ಕಟ್ಟಿಕೊಂಡೆ.

ಈಗ ಬಂತು ಗೋಡೆಯ ಜಾತಕ. ಬಟ್ಟೆ ಕಳಚಿ ನಿಂತ ಗೋಡೆ ಯಾರನ್ನೂ ಬಿಡದೆ ಎಲ್ಲರ ಬಂಡವಾಳ ಬಯಲು ಮಾಡಿತು. ಸೊಂಟದ ಮಟ್ಟದ ತನಕ ಗಿಲಾವು ನೆನೆದು, ಬೆರಳಲ್ಲಿ ಕೆರೆದರೆ ಹುರಿಗಡಲೆ ಹಿಟ್ಟಿನಂತೆ ಉದುರುತ್ತಿತ್ತು. ಅದರ ಮೇಲೆ ಬಿಳಿಯ ಉಪ್ಪು ಹೂ ಬಿಟ್ಟಿತ್ತು. ಗೋಡೆಯೊಳಗಿನ ಜಿಐ ಪೈಪು ತುಕ್ಕು ಹಿಡಿದು, ಒಂದು ತಿರುವಿನಲ್ಲಿ ಸೂಜಿಮೊನೆಯಷ್ಟು ತೂತಾಗಿ, ಗುಟ್ಟಾಗಿ ಜಿನುಗುತ್ತಿತ್ತು. ಮೇಸ್ತ್ರಿ ಪೈಪನ್ನು ನೋಡಿದರು, ಗೋಡೆಯನ್ನು ನೋಡಿದರು, ಉದುರಿದ ಟೈಲ್ಸಿನ ಅಂಚನ್ನು ಬೆರಳಿಂದ ಸವರಿ ನೋಡಿದರು. ಆಮೇಲೆ ಕೇಳಿದರು: "ಈ ಮನೇಲಿ ಆಸಿಡ್ ಆಕೋರ್ ಯಾರು?"

ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಅಮ್ಮನನ್ನು ನೋಡಿದಳು. ಅಮ್ಮ ಟಿವಿಯ ವಾಲ್ಯೂಮು ಏರಿಸಿದಳು.

ವಿಷಯ ಇಷ್ಟು. ನಮ್ಮದು ಬೋರ್‌ವೆಲ್ ನೀರೂ ಬೆರೆಯುವ ಮನೆ. ಗಡಸು ನೀರು, ಚೆಲ್ಲಿದ ಕಡೆಯೆಲ್ಲ ಬಿಳಿ ಕಲೆ. ಕಲೆ ಕಂಡರೆ ಅಮ್ಮನಿಗೆ ಆಗದು. ವಾರಕ್ಕೊಂದು ಬಾಟಲಿ ಆಸಿಡ್, ತೆಂಗಿನ ನಾರಿನ ಬ್ರಷ್ಷು, ಮೂಗಿಗೆ ಸೆರಗು. ಟೈಲ್ಸ್ ಫಳಫಳ. ಆದರೆ ಆ ಬಿಳಿ ಕಲೆಯೂ ಸುಣ್ಣದ ಜಾತಿಯದೇ, ಟೈಲ್ಸ್ ಸಂದಿಗೆ ತುಂಬಿದ ಬಿಳಿ ಸಿಮೆಂಟೂ ಸುಣ್ಣದ ನೆಂಟನೇ. ತಿನ್ನಲು ಕೂತ ಆಸಿಡ್ಡಿಗೆ ಇವನು ಕಳ್ಳ, ಅವನು ಕಾವಲುಗಾರ ಎಂಬ ಭೇದ ಎಲ್ಲಿಂದ ಬರಬೇಕು? ಕಲೆಯನ್ನೂ ನುಂಗಿತು, ಸಂದಿಯನ್ನೂ ನುಂಗಿತು. ಸಂದಿಯಿಂದ ನೀರು ಹಿಂದಕ್ಕೆ, ಹಿಂದಿನ ಟೊಳ್ಳಿನಿಂದ ಗಿಲಾವಿಗೆ, ಗಿಲಾವಿನಿಂದ ಮೇಷ್ಟ್ರ ಮಸಾಲೆದೋಸೆಗೆ.

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆಯಲ್ಲ, ಅದರ ಗೋಡೆಗೂ ಮಿನಾರಿಗೂ ಬಣ್ಣಬಣ್ಣದ ಮೆರುಗಿನ ಟೈಲ್ಸ್ ಹಚ್ಚಿದ್ದರು. 1696ರಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಆದರೂ ಉಳಿದ ಮಿನಾರಿನ ಮೇಲೆ ಆ ನೀಲಿ, ಹಸಿರು ಚೂರುಗಳು ಇನ್ನೂ ಕಚ್ಚಿಕೊಂಡು ನಿಂತಿವೆ. ಇದನ್ನು ಹೇಳಿ ನಾನು ನಮ್ಮ ಗೋಡೆಯ ಯೋಗ್ಯತೆಯನ್ನು ಹಳಿಯಲು ಹೋದೆ. "ಅವರ ಮನೆಯಲ್ಲಿ ಬಚ್ಚಲು ತಿಕ್ಕುವ ಅತ್ತೆ ಇರಲಿಲ್ಲ" ಎಂದಳು ಹೆಂಡತಿ, ಟಿವಿಯ ಸದ್ದಿಗೆ ಸರಿಯಾಗಿ ದನಿ ತಗ್ಗಿಸಿ.

ಈ ನಡುವೆ ಕ್ಯಾಲಿಫೋರ್ನಿಯಾದಿಂದ ನನ್ನ ಭಾಮೈದ ವಿಡಿಯೋ ಕರೆ ಮಾಡಿದ. ಅವನು ತನ್ನ ಮನೆಯ ಬಚ್ಚಲನ್ನು ತಾನೇ ಎರಡು ವಾರಾಂತ್ಯದಲ್ಲಿ ರಿಪೇರಿ ಮಾಡಿಕೊಂಡ ಮಹಾನುಭಾವ. ಆ ಫೋಟೋಗಳನ್ನು ನಾವು ನಾಲ್ಕು ಬಾರಿ ನೋಡಿದ್ದೇವೆ. "ಭಾವ, ಡ್ರೈವಾಲ್ ಕಟ್ ಮಾಡಿ ತೆಗೆಸಿ, ಸಿಮೆಂಟ್ ಬೋರ್ಡ್ ಸ್ಕ್ರೂ ಹಾಕಿಸಿ, ಒಂದು ಬೆಳಗ್ಗೆ ಕೆಲಸ" ಎಂದ. ಅಲ್ಲಿಯ ಗೋಡೆ ಎಂದರೆ ಮರದ ಚೌಕಟ್ಟಿಗೆ ಬಡಿದ ಹಲಗೆ. ಇಲ್ಲಿಯ ಗೋಡೆ ಎಂದರೆ ಒಂಬತ್ತಿಂಚಿನ ಇಟ್ಟಿಗೆ, ಅದರ ಮೇಲೆ ನಮ್ಮಪ್ಪ. ಒಳಗಿನ ಮರದ ಕಂಬ ಎಲ್ಲಿದೆಯೆಂದು ಹುಡುಕುವ ಯಂತ್ರವನ್ನೂ ಕಳಿಸಲೇ ಎಂದು ಕೇಳಿದ. ಮೇಸ್ತ್ರಿಗೆ ಹೇಳಿದೆ. "ಕಳುಸ್ಲಿ ಬುಡಿ ಸಾ, ನಮ್ ಕರಣೆ ಎಲ್ಲೋ ಇಟ್ಟಿವ್ನಿ, ಉಡ್‌ಕಕ್ ಆಯ್ತದೆ" ಎಂದರು.

ಅಪ್ಪನ ಮಾತು ಬಂತಲ್ಲ. ಮೇಸ್ತ್ರಿ ಮೇಲಿನಿಂದ ತೂಕದ ಗುಂಡು ಇಳಿಬಿಟ್ಟರು. ದಾರ ಮೇಲೆ ಗೋಡೆಗೆ ಅರ್ಧ ಇಂಚು ದೂರ, ಕೆಳಗೆ ಬರುವಷ್ಟರಲ್ಲಿ ಒಂದೂಮುಕ್ಕಾಲು ಇಂಚು ದೂರ. ಏಳಡಿ ಗೋಡೆ ಒಂದೂಕಾಲು ಇಂಚು ಬಾಗಿ ನಿಂತಿದೆ! ಅಮ್ಮ ಟಿವಿ ಬಿಟ್ಟು ಎದ್ದು ಬಂದಳು. "ಅವರು ಬಿಸಿಲಲ್ಲಿ ಛತ್ರಿ ಹಿಡಿದು ನಿಂತು ಕಟ್ಟಿಸಿದ ಗೋಡೆ ಕಣಪ್ಪ ಇದು. ಗುಂಡೇ ಸೊಟ್ಟಗಿರಬೇಕು ನೋಡು." ಮೇಸ್ತ್ರಿ ವಾದಕ್ಕೆ ಹೋಗಲಿಲ್ಲ. "ಯಜಮಾನ್ರು ನೆಟ್ಗೇ ನಿಂತಿದ್ರು ಕನವ್ವ, ಛತ್ರಿ ವಾಲಿತ್ತೇನೋ" ಎಂದರು. ಅಮ್ಮನಿಗೆ ಈ ಉತ್ತರ ಹಿಡಿಸಿತು. ಅವತ್ತಿನಿಂದ ಮೇಸ್ತ್ರಿಗೆ ಕಾಫಿಯ ಜೊತೆ ಕೋಡುಬಳೆಯೂ ಬರತೊಡಗಿತು.

ಮೂಲೆಯೂ ಮೂಲೆಯಾಗಿರಲಿಲ್ಲ. ಮೂಲೆಯಿಂದ ಒಂದು ಗೋಡೆಗುಂಟ ಮೂರು ಅಡಿಗೆ ಗುರುತು, ಇನ್ನೊಂದು ಗೋಡೆಗುಂಟ ನಾಲ್ಕು ಅಡಿಗೆ ಗುರುತು, ಎರಡಕ್ಕೂ ಅಡ್ಡಲಾಗಿ ಟೇಪು. ಐದು ಅಡಿ ಬರಬೇಕಾದ ಕಡೆ ಐದು ಅಡಿ ಒಂದಿಂಚು. ಕಲೆಯ ವರದಿ ಒಪ್ಪಿಸಲು ಬಂದಿದ್ದ ಮೇಷ್ಟ್ರು ಇದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪೈಥಾಗೊರಸನನ್ನು ಬೋರ್ಡಿನ ಮೇಲೆ ಕಂಡವರು, ಮೊದಲ ಬಾರಿಗೆ ಬಚ್ಚಲಲ್ಲಿ ಕಂಡರು. "ಇದನ್ನ ಎಲ್ಲಿ ಕಲಿತಿರಿ?" ಎಂದು ಕೇಳಿದರು. ನಮ್ಮಪ್ಪನ ಹತ್ರ, ಎಂದರು ಮೇಸ್ತ್ರಿ. "ನಿಮ್ಮಪ್ಪ ಯಾವ ಸ್ಕೂಲು?" ಎಂದರು ಮೇಷ್ಟ್ರು. "ಅವ್ರು ಸ್ಕೂಲು ಕಟ್ಟವ್ರೆ ಸಾ, ಓಗಿಲ್ಲ."

ಗಿಲಾವು ಒಂದೇ ಸಲಕ್ಕೆ ಮೆತ್ತುವ ಹಾಗಿರಲಿಲ್ಲ. ದಪ್ಪಗೆ ಮೆತ್ತಿದರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಹಾಗಾಗಿ ಪುಡಿಯಾದದ್ದನ್ನೆಲ್ಲ ಇಟ್ಟಿಗೆ ಕಾಣುವ ತನಕ ಕೆರೆದು, ತಂತಿ ಬ್ರಷ್ಷಿನಲ್ಲಿ ಉಪ್ಪು ಉಜ್ಜಿ, ಕಾಂಕ್ರೀಟಿನ ತೊಲೆ ಬಂದ ಕಡೆ ಕಚ್ಚು ಹೊಡೆದು, ಗೋಡೆಗೆ ನೀರು ಕುಡಿಸಿ, ಒಂದಕ್ಕೆ ನಾಲ್ಕರ ಗಾರೆಯನ್ನು ಎರಡು ಸಲಕ್ಕೆ ಹಾಕಿದರು. ಒಣ ಇಟ್ಟಿಗೆಗೆ ಗಾರೆ ಬಡಿದರೆ ಅದು ಗಾರೆಯ ನೀರನ್ನೆಲ್ಲ ಹೀರಿ, ಸಿಮೆಂಟಿಗೆ ಗಟ್ಟಿಯಾಗಲು ನೀರೇ ಉಳಿಸುವುದಿಲ್ಲವಂತೆ. ಹೆಂಡತಿ ಬಂದು ನೋಡಿ, "ಇದೇನ್ರೀ ಇಷ್ಟು ತರಿತರಿ? ನೈಸಾಗಿ ಮಾಡಕ್ಕೆ ಹೇಳಿ" ಎಂದಳು. ನೈಸಾದ ಗೋಡೆ ಟೈಲ್ಸ್ ಹಿಡಿಯುವುದಿಲ್ಲ, ತರಿಯಿದ್ದರೇ ಅಂಟಿಗೆ ಹಿಡಿತ ಎಂದು ಮೇಸ್ತ್ರಿ ವಿವರಿಸಿದರು. ಗಂಡ-ಹೆಂಡಿರ ವಿಷಯಕ್ಕೂ ಇದನ್ನೇ ಅನ್ವಯಿಸಿ ನಾನೊಂದು ಮಾತು ಆಡಹೋಗಿ, ಅವಳ ಮುಖ ನೋಡಿ ನುಂಗಿಕೊಂಡೆ.

ಪ್ಲಂಬರಿಗೂ ಮೇಸ್ತ್ರಿಗೂ ಎಣ್ಣೆ-ಸೀಗೆಕಾಯಿ. ಜಿಐ ಕಿತ್ತು ಹೊಸ ಸಿಪಿವಿಸಿ ಪೈಪು ಹಾಕಲು ಬಂದ ಪ್ಲಂಬರು, ಬಿಸಿನೀರು ತಣ್ಣೀರು ಬೆರೆಸುವ ಡೈವರ್ಟರನ್ನು ಗೋಡೆಯೊಳಗೆ ಎಷ್ಟು ಆಳಕ್ಕೆ ಕೂರಿಸಲಿ ಎಂದು ಕೇಳಿದ. ಒಳಗೆ ಹೆಚ್ಚು ಹೋದರೆ ಹಿಡಿ ಸಿಗದು, ಹೊರಗೆ ಹೆಚ್ಚು ಬಂದರೆ ಮೇಲಿನ ತಟ್ಟೆ ಗೋಡೆಗೆ ಕೂರದು. "ಟೈಲ್ಸ್ ಎಲ್ಲಿಗ್ ಬರುತ್ತೆ ಅಂತ ಅವರು ಹೇಳಲಿ" ಎಂದು ಪ್ಲಂಬರು. "ಅವ್ನ್ ಮೊದ್ಲು ಕೂರುಸ್ಲಿ, ಆಮ್ಯಾಕೆ ನಾನ್ ಯೋಳ್ತೀನಿ" ಎಂದು ಮೇಸ್ತ್ರಿ. ಇಬ್ಬರೂ ನನ್ನ ಮುಖಾಂತರವೇ ಮಾತಾಡಿದರು, ನಾಲ್ಕಡಿ ಅಂತರದಲ್ಲಿ ನಿಂತು. ಕೊನೆಗೆ ಮಗಳು ಒಂದು ತುಂಡು ಟೈಲ್ಸನ್ನು ಗೋಡೆಗೆ ಒತ್ತಿ ಹಿಡಿದು, "ಇಲ್ಲಿಗೆ ಬರುತ್ತೆ, ಈಗ ಇಬ್ಬರೂ ನೋಡಿ" ಎಂದಳು. ಪೈಪು ಮುಚ್ಚುವ ಮೊದಲು ಕೈಪಂಪಿನಿಂದ ನೀರಿನ ಒತ್ತಡ ಏರಿಸಿ, ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ಎಲ್ಲರೂ ಉಸಿರು ಬಿಗಿಹಿಡಿದು ನೋಡಿದೆವು. ಇಳಿಯಲಿಲ್ಲ.

ಆಮೇಲೆ ಏಳು ದಿನ ಕ್ಯೂರಿಂಗ್. ಆ ಖಾತೆ ನನ್ನದಾಯಿತು. ತುಳಸಿಗೆ ಒಂದು ಚೊಂಬು ನೀರು ಹಾಕದ ಮನುಷ್ಯ ಬೆಳಗ್ಗೆ, ಮಧ್ಯಾಹ್ನ, ಸಂಜೆ ಪೈಪು ಹಿಡಿದು ಬೋಳು ಗೋಡೆಗೆ ಸ್ನಾನ ಮಾಡಿಸುತ್ತ ನಿಂತ. ಗೋಡೆಗೆ ದಿನಕ್ಕೆ ಮೂರು ಸ್ನಾನ, ನನಗೆ ಒಂದೂ ಸರಿಯಾಗಿ ಇಲ್ಲ. ಏಕೆಂದರೆ ನಮ್ಮೆಲ್ಲರ ಸ್ನಾನ ಮೇಷ್ಟ್ರ ಬಚ್ಚಲಿಗೆ ವರ್ಗವಾಗಿತ್ತು. ಅವರು ಬಾಗಿಲ ಹಿಂದೆ ವೇಳಾಪಟ್ಟಿ ಅಂಟಿಸಿದ್ದರು: ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಹದಿಮೂರನೆಯ ನಿಮಿಷಕ್ಕೆ ಹೊರಗಿನಿಂದ ಕೆಮ್ಮು.

ಕೊನೆಯದು ನೀರು ತಡೆಯುವ ಲೇಪ. ಹಳೆಯ ನೆಲವೂ ಎದ್ದಿತ್ತಾದ್ದರಿಂದ ನೆಲಕ್ಕೂ ಗೋಡೆಗೂ ಒಟ್ಟಿಗೇ ಬಳಿದರು. ನೆಲ-ಗೋಡೆ ಕೂಡುವ ಮೂಲೆಯನ್ನು ಗಾರೆಯಿಂದ ಉರುಟು ಮಾಡಿ, ಪೈಪು ಹೊರಬಂದ ಬಾಯಿಗಳಿಗೆಲ್ಲ ಮೊದಲು ತೀಡಿ, ಒಂದು ಕೋಟು ಅಡ್ಡಡ್ಡ, ಅದು ಒಣಗಿದ ಮೇಲೆ ಇನ್ನೊಂದು ಕೋಟು ಉದ್ದುದ್ದ. ಒಂದರ ಬ್ರಷ್ಷು ಬಿಟ್ಟ ಗೆರೆಯನ್ನು ಇನ್ನೊಂದು ಮುಚ್ಚಲಿ ಎಂದು. ಷವರಿನ ಕಡೆ ತಲೆಯ ಮಟ್ಟದವರೆಗೂ ಬಳಿಯಿರಿ ಎಂದು ನಾನು ಹಟ ಹಿಡಿದೆ. ಲೇಪ ಗಟ್ಟಿಯಾದ ಮೇಲೆ ಟ್ರ್ಯಾಪು ಮುಚ್ಚಿ, ಹೊಸ್ತಿಲಿಗೆ ಗಾರೆಯ ಕಟ್ಟೆ ಕಟ್ಟಿ, ನೆಲದ ತುಂಬ ನೀರು ನಿಲ್ಲಿಸಿ ಎರಡು ದಿನ ಬಿಡಬೇಕು. ಗೋಡೆಯಲ್ಲಿ ಪೆನ್ಸಿಲ್ ಗೆರೆ, ನೀರು ಅದಕ್ಕಿಂತ ಇಳಿಯಬಾರದು. ಒಂದಿಷ್ಟು ಆವಿಯಾಗಿ ಹೋಗುತ್ತದೆ, ಅದಕ್ಕೆ ಮಾಫಿ.

ದಿನ ಎಣಿಸಿ ನೋಡಿದರೆ, ನೀರು ನಿಲ್ಲಿಸಬೇಕಾದ ದಿನ ದೀಪಾವಳಿಯ ಹಿಂದಿನ ಸಂಜೆ. ನೀರು ತುಂಬುವ ಹಬ್ಬ!

ಪ್ರತಿವರ್ಷ ಅಮ್ಮ ಅವತ್ತು ಬಚ್ಚಲು ತಿಕ್ಕಿ, ಹಂಡೆ ತೊಳೆದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಹೂ ಏರಿಸಿ, ನೀರು ತುಂಬಿ ಪೂಜೆ ಮಾಡುವವಳು. ಗೀಸರು ಬಂದ ಮೇಲೂ ಹಳೆಯ ತಾಮ್ರದ ಹಂಡೆ ಅದೊಂದು ದಿನಕ್ಕೆ ಅಟ್ಟದಿಂದ ಇಳಿಯುತ್ತದೆ. ಈ ಸಲ ಹಂಡೆ ಇಡಲು ಜಾಗವಿಲ್ಲ. ಇಡೀ ಬಚ್ಚಲೇ ಹಂಡೆ. ಅಮ್ಮ ಒಂದು ಗಳಿಗೆ ಯೋಚಿಸಿದಳು. ಹೊಸ್ತಿಲಿನ ಗಾರೆಯ ಕಟ್ಟೆಗೇ ಎರಡು ಪಟ್ಟೆ ಎಳೆದು, ಅರಿಶಿನ-ಕುಂಕುಮ ಇಟ್ಟು, ನಿಂತ ನೀರಿಗೆ ನಾಲ್ಕು ಸೇವಂತಿಗೆ ತೇಲಿಬಿಟ್ಟು ಕೈಮುಗಿದಳು. ಕೆಳಗೆ ಮೇಷ್ಟ್ರು ಟಾರ್ಚು ಹಿಡಿದು ಎರಡು ಗಂಟೆಗೊಮ್ಮೆ ಸೂರಿನ ಹಾಜರಿ ತೆಗೆದುಕೊಳ್ಳುತ್ತಿದ್ದರು.

ನರಕ ಚತುರ್ದಶಿಯ ಬೆಳಗಿನ ಜಾವ ನಾಲ್ಕೂವರೆಗೆ, ನೆತ್ತಿಯಿಂದ ಎಣ್ಣೆ ಸುರಿಸಿಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು, ನಮ್ಮ ಸಂಸಾರ ಸಾಲಾಗಿ ಮೆಟ್ಟಿಲಿಳಿಯಿತು. ಮೇಷ್ಟ್ರು ಬಾಗಿಲು ತೆಗೆದವರೇ ಹಬ್ಬದ ಶುಭಾಶಯವನ್ನೂ ಮರೆತು, "ಒಂದು ಹನಿಯೂ ಇಲ್ಲ ಕಣ್ರೀ! ಎಂಟನೇ ಗೆರೆ ಬೇಕಾಗಲಿಲ್ಲ" ಎಂದರು. ಅವತ್ತು ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಮಂಜೂರಾಯಿತು.

ಮರುದಿನ ಸಂಜೆ ಮೇಸ್ತ್ರಿ ಬಂದು ನೀರು ಬಿಟ್ಟು, ಗೆರೆ ನೋಡಿ, ಕೈಯೊರೆಸಿಕೊಂಡರು. "ಗ್ವಾಡೆ ರೆಡಿ ಕನವ್ವ. ಟೈಲ್ಸ್ ಬಾಕ್ಸ್ ಒಡೀರಿ." ಮೂರು ವಾರದಿಂದ ಹಾಲಿನ ಮೂಲೆಯಲ್ಲಿ, ದೂಳು ಕೂರದಿರಲೆಂದು ಹಳೆಯ ಬೆಡ್‌ಶೀಟು ಹೊದ್ದು ಕುಳಿತಿದ್ದ ಡಬ್ಬಗಳು. ಹೆಂಡತಿ ಒಂದನ್ನು ಬಿಚ್ಚಿ, ಟೈಲ್ಸೊಂದನ್ನು ಎತ್ತಿ, ದೀಪದ ಹತ್ತಿರ ಹಿಡಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಅಮ್ಮ ಕನ್ನಡಕ ತಂದಳು. ಮಗಳು ಅಂಗಡಿಯಲ್ಲಿ ತೆಗೆದಿದ್ದ ಫೋಟೋ ತೆಗೆದಳು.

"ರೀ, ಇದು ಐವರಿ ಅಲ್ಲ. ಆಫ್ ವೈಟ್ ಕಳಿಸಿದ್ದಾರೆ."

ಮೂವರೂ ನನ್ನ ಕಡೆ ತಿರುಗಿದರು. ನಾನು ಟೈಲ್ಸನ್ನು ಕೈಗೆ ತೆಗೆದುಕೊಂಡು, ಜೇಬಿನಿಂದ ಹತ್ತು ರೂಪಾಯಿ ನಾಣ್ಯ ತೆಗೆದು, ಮೇಸ್ತ್ರಿ ಮಾಡಿದ ಹಾಗೆಯೇ ಒಮ್ಮೆ ತಟ್ಟಿ ನೋಡಿದೆ. ಟಣ್ ಎಂದಿತು. ಇಷ್ಟು ಸಾಕಲ್ಲವೇ ಎಂದು ಮೇಸ್ತ್ರಿಯ ಮುಖ ನೋಡಿದರೆ, ಅವರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. "ಭಾನ್ವಾರ ಆದ್ ಮ್ಯಾಕೆ ಬತ್ತೀನಿ ಬುಡಿ ಸಾ."